ಹೊಟ್ಟೆ ಬಡಿದು ಕರೆಯುವ ಹುಳು: ಸ್ಟೋನ್‌ಫ್ಲೈ ಜೋಡಿಯ ಮಾತುಕತೆ

ಪ್ರಶ್ನೆ: ಸ್ಟೋನ್‌ಫ್ಲೈ ಎಂಬ ಹುಳುಗಳಲ್ಲಿ ಗಂಡು ತನ್ನ ಹೊಟ್ಟೆಯನ್ನು ಕಡ್ಡಿಗೆ ಬಡಿದು ಹೆಣ್ಣನ್ನು ಕರೆಯುತ್ತದೆ ಎಂದು ಓದಿದೆ. ಇವು ಇರುವುದು ಸದಾ ಸದ್ದು ಮಾಡುತ್ತಾ ಹರಿಯುವ ತೊರೆಗಳ ಪಕ್ಕ. ಅಷ್ಟು ಗದ್ದಲದಲ್ಲಿ ಇಷ್ಟು ಪುಟ್ಟ ಬಡಿತ ಹೆಣ್ಣಿಗೆ ಕೇಳುವುದಾದರೂ ಹೇಗೆ? ಬಡಿಯುತ್ತಿರುವುದು ತನ್ನ ಜಾತಿಯ ಗಂಡೇ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಜೀರುಂಡೆಯ ಹಾಗೆ ಜೋರಾಗಿ ಕೂಗಿಬಿಟ್ಟರೆ ಸುಲಭ ಅಲ್ವಾ? ಈ ಬಡಿತ ನಮಗೂ ಕೇಳುತ್ತದೆಯೇ?

ಉತ್ತರ:

ನಿಮ್ಮ ಪ್ರಶ್ನೆಯಲ್ಲಿ ಒಂದು ಸಣ್ಣ ಗಂಟಿದೆ. ಅದನ್ನು ಮೊದಲು ಬಿಡಿಸೋಣ. ಕೇಳುವುದು ಎಂದ ಕೂಡಲೇ ನಾವು ಗಾಳಿಯಲ್ಲಿ ಬರುವ ಸದ್ದನ್ನು ನೆನೆಯುತ್ತೇವೆ. ಸ್ಟೋನ್‌ಫ್ಲೈ ಗಾಳಿಯನ್ನು ನೆಚ್ಚಿಕೊಂಡೇ ಇಲ್ಲ. ಗಂಡು ತಾನು ನಿಂತ ಕಡ್ಡಿಯನ್ನು ಬಡಿಯುತ್ತದೆ. ಕಡ್ಡಿ ಅದುರುತ್ತದೆ. ಅದೇ ಕಡ್ಡಿಯ ಮೇಲೋ, ಅದಕ್ಕೆ ತಾಗಿಕೊಂಡ ಇನ್ನೊಂದು ಟೊಂಗೆಯ ಮೇಲೋ ಕೂತ ಹೆಣ್ಣಿಗೆ ಆ ಅದುರು ಕಾಲುಗಳ ಮೂಲಕ ತಲುಪುತ್ತದೆ. ಹೆಣ್ಣು ಇಷ್ಟಪಟ್ಟರೆ ತಾನೂ ಹೊಟ್ಟೆ ಬಡಿದು ಉತ್ತರ ಕೊಡುತ್ತದೆ. ಆಮೇಲೆ ಗಂಡು ಹುಡುಕಿಕೊಂಡು ಹೊರಡುತ್ತದೆ.

ಇದರಲ್ಲಿ ಮುಖ್ಯವಾದ ಗುಟ್ಟು ಒಂದೇ. ಸುದ್ದಿ ಇರುವುದು ಬಡಿತದ ಸ್ವರದಲ್ಲಲ್ಲ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ನೀವು ಕೇಳಿದ್ದಕ್ಕೆಲ್ಲ ಉತ್ತರ ಹೆಚ್ಚುಕಡಿಮೆ ಇದರಿಂದಲೇ ಹೊರಡುತ್ತದೆ.

ಈ ಹುಳುವಿನ ಬದುಕನ್ನು ಸ್ವಲ್ಪ ತಿಳಿದುಕೊಂಡರೆ ಬಡಿತ ಯಾಕೆ ಬೇಕಾಯಿತು ಎನ್ನುವುದು ಅರ್ಥವಾಗುತ್ತದೆ. ಸ್ಟೋನ್‌ಫ್ಲೈಗಳು ಪ್ಲೆಕಾಪ್ಟೆರಾ ಎಂಬ ಗಣಕ್ಕೆ ಸೇರಿದವು. ಇಲ್ಲಿಯವರೆಗೆ 3,500ಕ್ಕೂ ಜಾಸ್ತಿ ಜಾತಿಗಳನ್ನು ಗುರುತಿಸಿದ್ದಾರೆ. ಮರಿಗಳು ತಣ್ಣಗೆ ಹರಿಯುವ ನೀರಿನಲ್ಲಿ, ಕಲ್ಲುಗಳ ಅಡಿಯಲ್ಲಿ, ಕೊಳೆತ ಎಲೆಗಳ ನಡುವೆ ಬೆಳೆಯುತ್ತವೆ. ಅವಕ್ಕೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿರಬೇಕು. ಕೊಳಕು ನೀರನ್ನು ಬಹುಪಾಲು ಜಾತಿಗಳು ತಡೆದುಕೊಳ್ಳುವುದಿಲ್ಲ. ಅದಕ್ಕೇ ಹೊಳೆಯ ನೀರು ಎಷ್ಟು ಶುದ್ಧ ಎಂದು ಅಳೆಯುವವರು ಮೊದಲು ಇವನ್ನು ಹುಡುಕುತ್ತಾರೆ. ಜಾತಿಯನ್ನು ಅವಲಂಬಿಸಿ ಮರಿಯ ಬದುಕು ಒಂದು ವರ್ಷದಿಂದ ಮೂರು ನಾಲ್ಕು ವರ್ಷದವರೆಗೆ ಎಳೆಯುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿರುವ ಟೆರೊನಾರ್ಸಿಸ್ ಕ್ಯಾಲಿಫೋರ್ನಿಕಾ ಇಂಥ ನಿಧಾನಸ್ಥ ಹುಳು. ಅದರ ಮರಿ ಮೂರು ನಾಲ್ಕು ವರ್ಷ ನೀರಿನಲ್ಲೇ ಇರುತ್ತದೆ.

ಆಮೇಲೆ ದಡಕ್ಕೆ ತೆವಳಿ, ಪೊರೆ ಕಳಚಿ, ರೆಕ್ಕೆ ಬಿಚ್ಚಿದ ಮೇಲೆ ಉಳಿಯುವ ಆಯುಸ್ಸು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಕೆಲವು ಜಾತಿಗಳಲ್ಲಿ ರೆಕ್ಕೆ ಬಂದ ಹುಳುಗಳು ಸರಿಯಾಗಿ ತಿನ್ನುವುದೂ ಇಲ್ಲ. ಹಾರಾಟದಲ್ಲಿ ಇವು ಅಷ್ಟಕ್ಕಷ್ಟೇ. ಕೆಲವಕ್ಕೆ ರೆಕ್ಕೆಯೇ ಗಿಡ್ಡ. ಇಂಥ ಹುಳು ಆ ಸ್ವಲ್ಪ ದಿನಗಳಲ್ಲೇ ದಡದ ಪೊದೆ, ಒಣಗಿದ ಕಡ್ಡಿ, ತರಗೆಲೆಗಳ ರಾಶಿಯಲ್ಲಿ ಒಂದು ಜೋಡಿಯನ್ನು ಹುಡುಕಿಕೊಳ್ಳಬೇಕು. ಕಣ್ಣಿಗೆ ಕಾಣುವುದು ಹತ್ತಿರದ್ದು ಮಾತ್ರ. ಸುಮ್ನೆ ಅಲೆದಾಡಿದರೆ ಆಯುಸ್ಸೇ ಮುಗಿದುಹೋಗುತ್ತದೆ.

ಹಾಗಾದರೆ ಕೂಗಬಹುದಿತ್ತಲ್ಲ ಎಂದು ನೀವು ಕೇಳಿದ್ದೀರಿ. ಕೂಗುವುದು ಚಿಕ್ಕ ಮೈಗೆ ಬಲು ದುಬಾರಿ ಕೆಲಸ. ಗಾಳಿಯಲ್ಲಿ ಸದ್ದು ದೂರ ಹೋಗಬೇಕಾದರೆ, ಸದ್ದು ಮಾಡುವ ಅಂಗ ಆ ಸದ್ದಿನ ಅಲೆಯ ಉದ್ದಕ್ಕೆ ಹೋಲಿಸಿದರೆ ತೀರಾ ಚಿಕ್ಕದಾಗಿರಬಾರದು. ಒಂದು ಸೆಂಟಿಮೀಟರ್ ಮೈಯ ಹುಳು ದಪ್ಪ ಸ್ವರವನ್ನು ಗಾಳಿಗೆ ಬಿಟ್ಟರೆ ಅದರ ಬಹುಪಾಲು ಶಕ್ತಿ ಅಲ್ಲೇ ಸೋರಿಹೋಗುತ್ತದೆ. ತೆಳು ಸ್ವರವನ್ನು ಬಿಡಬಹುದು, ಆದರೆ ತೆಳು ಸ್ವರ ಎಲೆ ಪೊದೆಗಳ ನಡುವೆ ಬೇಗ ಸಾಯುತ್ತದೆ. ಜೀರುಂಡೆ ಈ ತೊಡಕನ್ನು ದಾಟಲು ಹೊಟ್ಟೆಯೊಳಗೆ ಗಾಳಿಯ ಚೀಲವನ್ನೂ ಪೊರೆಯನ್ನೂ ಬೆಳೆಸಿಕೊಂಡಿದೆ. ಮಿಡತೆಗಳು ರೆಕ್ಕೆಯನ್ನೇ ವಾದ್ಯ ಮಾಡಿಕೊಂಡಿವೆ. ಸ್ಟೋನ್‌ಫ್ಲೈಗೆ ಇದ್ಯಾವುದೂ ಬೇಕಿಲ್ಲ. ಕಾಲಡಿಯ ಕಡ್ಡಿಯನ್ನು ಅದುರಿಸುವುದಕ್ಕೆ ಮೈಯ ಅಳತೆ ಅಡ್ಡಿಯಾಗುವುದಿಲ್ಲ.

ಇದೇನೂ ಇದೊಂದೇ ಹುಳುವಿನ ವಿಚಿತ್ರ ಹವ್ಯಾಸ ಅಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. 2005ರಲ್ಲಿ ಕಾಕ್ರಾಫ್ಟ್ ಮತ್ತು ರೊಡ್ರಿಗೆಜ್ ಎಂಬ ವಿಜ್ಞಾನಿಗಳು ಹಾಕಿದ ಲೆಕ್ಕದ ಪ್ರಕಾರ ಸುಮಾರು 1,95,000 ಜಾತಿಯ ಕೀಟಗಳು ಕಂಪನದ ಮೂಲಕ ಮಾತಾಡುತ್ತವೆ. ಗಾಳಿಯಲ್ಲಿ ಕೂಗುವ ಕೀಟಗಳೇ ಅಲ್ಪಸಂಖ್ಯಾತರು. ನಮ್ಮ ಕಿವಿಗೆ ಬೀಳುವುದು ಅವುಗಳದ್ದೇ ಆದ್ದರಿಂದ ನಾವು ಉಲ್ಟಾ ಅಂದುಕೊಂಡಿದ್ದೇವೆ, ಅಷ್ಟೇ.

ಈಗ ಬಡಿತಕ್ಕೆ ಬರೋಣ. ಗಂಡು ಹೊಟ್ಟೆಯ ತುದಿಯನ್ನು ಸ್ವಲ್ಪ ಎತ್ತಿ ಕೆಳಗೆ ಕುಟ್ಟುತ್ತದೆ. ಎಷ್ಟೋ ಜಾತಿಗಳಲ್ಲಿ ಇದಕ್ಕೆಂದೇ ಗಂಡಿನ ಹೊಟ್ಟೆಯ ಅಡಿಯಲ್ಲಿ ಒಂದು ಸಲಕರಣೆ ಬೆಳೆದಿರುತ್ತದೆ. ಪರ್ಲಿಡೆ ಕುಟುಂಬದ ಹಲವು ಹುಳುಗಳಲ್ಲಿ ಹೊಟ್ಟೆಯ ಒಂಬತ್ತನೇ ಖಂಡದ, ಅಂದರೆ ಉಂಗುರದಂಥ ತುಂಡಿನ, ಕೆಳಗೆ ಗುಬಟಿನಂಥ ಭಾಗ ಇರುತ್ತದೆ. ಅದನ್ನು ಸಂಶೋಧಕರು ಸುತ್ತಿಗೆ ಎಂದೇ ಕರೆಯುತ್ತಾರೆ. ನೆಮೌರಿಡೆ ಕುಟುಂಬದಲ್ಲಿ ಅದೇ ಜಾಗದಲ್ಲಿ ಮೆತ್ತನೆಯ ಸಣ್ಣ ಚೀಲ. ಐಸೊಪರ್ಲಾ ಎಂಬ ಕುಲದಲ್ಲಿ ಎಂಟನೇ ಖಂಡದಿಂದ ಹೊರಚಾಚಿದ ಒಂದು ಹಾಳೆ. ಹೆಣ್ಣಿಗೆ ಇಂಥದ್ದೇನೂ ಇಲ್ಲ. ಅದು ಬರೀ ಹೊಟ್ಟೆಯ ತುದಿಯಿಂದ ಬಡಿಯುತ್ತದೆ. ಅದರ ಉತ್ತರವೂ ಸಾಮಾನ್ಯವಾಗಿ ಗಂಡಿನ ಕರೆಗಿಂತ ಸರಳ.

ಎಲ್ಲವೂ ಕುಟ್ಟುವುದೇ ಅಲ್ಲ. ಕೆಲವು ಜಾತಿಗಳ ಗಂಡುಗಳು ಹೊಟ್ಟೆಯನ್ನು ಕಡ್ಡಿಯ ಮೇಲೆ ಒತ್ತಿ ಉಜ್ಜುತ್ತವೆ. ಆಗ ಒಂದೊಂದೇ ಬಡಿತದ ಬದಲು ಕೆರೆತದಂಥ ಉದ್ದನೆಯ ಅದುರು ಹುಟ್ಟುತ್ತದೆ. ಇನ್ನು ಸೈಫೊನೊಪರ್ಲಾ ಕುಲದ ಯುರೋಪಿನ ಹುಳುವೊಂದು ಹೊಟ್ಟೆಯನ್ನು ತಾಗಿಸುವುದೇ ಇಲ್ಲ. ಕಾಲೂರಿ ಇಡೀ ಮೈಯನ್ನು ನಡುಗಿಸುತ್ತದೆ. ಆ ನಡುಕ ಕಾಲುಗಳ ಮೂಲಕವೇ ಎಲೆಗೆ ಇಳಿಯುತ್ತದೆ. ಮೂರೂ ದಾರಿಗಳಲ್ಲಿ ನಡೆಯುವ ಕೆಲಸ ಒಂದೇ: ಕಾಲಡಿಯ ವಸ್ತುವಿಗೆ ಲಯಬದ್ಧವಾದ ಅಲುಗಾಟ ಕೊಡುವುದು.

ಲಯ ಅಂದೆನಲ್ಲ, ಅಲ್ಲೇ ಇರುವುದು ವಿಷಯ. ತೆಳುವಾದ ಕಾಂಡ ಅಥವಾ ಕಡ್ಡಿಯನ್ನು ಒಂದು ಕಡೆ ಕುಟ್ಟಿದರೆ ಅದು ಬಾಗುತ್ತದೆ. ಆ ಬಾಗು ಅಲೆಯಾಗಿ ಉದ್ದಕ್ಕೂ ಸಾಗುತ್ತದೆ. ಈ ಅಲೆಗೆ ಒಂದು ವಿಶೇಷ ಗುಣವಿದೆ. ಗಾಳಿಯಲ್ಲಿ ದಪ್ಪ ಸ್ವರ, ತೆಳು ಸ್ವರ ಎರಡೂ ಒಂದೇ ವೇಗದಲ್ಲಿ, ಸೆಕೆಂಡಿಗೆ ಸುಮಾರು 340 ಮೀಟರ್‌ನಂತೆ ಹೋಗುತ್ತವೆ. ಬಾಗುವ ಅಲೆಯಲ್ಲಿ ಹಾಗಲ್ಲ. ವೇಗವಾಗಿ ಅದುರುವ ಭಾಗ ಮುಂದೆ ಓಡುತ್ತದೆ, ನಿಧಾನವಾಗಿ ಅದುರುವ ಭಾಗ ಹಿಂದೆ ಉಳಿಯುತ್ತದೆ. ಒಟ್ಟಾರೆ ವೇಗವೂ ಕಡಿಮೆ, ಸಸ್ಯಗಳಲ್ಲಿ ಸೆಕೆಂಡಿಗೆ ಹತ್ತಾರು ಮೀಟರ್‌ನಿಂದ ನೂರರ ಆಸುಪಾಸು. ಜೊತೆಗೆ ಪ್ರತಿ ಗೆಣ್ಣಿನಲ್ಲಿ, ಪ್ರತಿ ಕವಲಿನಲ್ಲಿ ಒಂದಿಷ್ಟು ಅಲೆ ವಾಪಸ್ ಪುಟಿಯುತ್ತದೆ.

ಇದರ ಪರಿಣಾಮ ಏನು? ಗಂಡು ಕೊಟ್ಟ ಒಂದು ಚುರುಕಾದ ಪೆಟ್ಟು ಹೆಣ್ಣಿನ ಕಾಲಡಿಗೆ ಬರುವ ಹೊತ್ತಿಗೆ ಅದೇ ರೂಪದಲ್ಲಿ ಇರುವುದಿಲ್ಲ. ಅದರ ಸ್ವರ ಕಲಸಿಹೋಗಿರುತ್ತದೆ. ಒಣ ಕಡ್ಡಿಯಲ್ಲಿ ಒಂದು ಥರ, ಹಸಿ ಎಲೆಯಲ್ಲಿ ಇನ್ನೊಂದು ಥರ. ಹತ್ತಿರದಲ್ಲಿ ಒಂದು ಜೋರು, ಕವಲು ದಾಟಿದ ಮೇಲೆ ಇನ್ನೊಂದು ಜೋರು. ಸ್ವರವನ್ನೋ ಜೋರನ್ನೋ ನಂಬಿ ಜಾತಿ ಗುರುತಿಸಲು ಹೊರಟರೆ ಹೆಣ್ಣಿಗೆ ತಲೆ ಕೆಡುತ್ತದೆ. ಆದರೆ ಒಂದು ವಿಷಯ ಮಾತ್ರ ಕೆಡುವುದಿಲ್ಲ. ಮೊದಲ ಪೆಟ್ಟು ಬಿದ್ದ ಎಷ್ಟು ಹೊತ್ತಿಗೆ ಎರಡನೆಯದು ಬಿತ್ತು ಎನ್ನುವ ಲೆಕ್ಕ. ಎರಡೂ ಪೆಟ್ಟುಗಳು ಅದೇ ದಾರಿಯಲ್ಲಿ, ಅಷ್ಟೇ ತಡವಾಗಿ ಬರುತ್ತವೆ. ಹಾಗಾಗಿ ನಡುವಿನ ಬಿಡುವು ಹಾಗೇ ಉಳಿಯುತ್ತದೆ. ಮನೆಯವರು ಬಾಗಿಲು ತಟ್ಟಿದರೆ ಬಂದವರು ಯಾರೆಂದು ತಟ್ಟುವ ರೀತಿಯಿಂದಲೇ ತಿಳಿಯುತ್ತದಲ್ಲ, ಮರದ ಬಾಗಿಲಾದರೂ ಕಬ್ಬಿಣದ್ದಾದರೂ, ಹಾಗೆಯೇ ಇದು.

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಸೊಗಸಾದ ಸಂಗತಿ ಇದೇ. ದಾರಿ ಏನನ್ನು ಕೆಡಿಸುತ್ತದೋ ಅದರಲ್ಲಿ ಸುದ್ದಿ ಇಟ್ಟಿಲ್ಲ. ಏನನ್ನು ಉಳಿಸುತ್ತದೋ ಅದರಲ್ಲಿ ಇಟ್ಟಿದೆ.

ಜಾತಿ ಜಾತಿಗೂ ಈ ಲಯ ಬೇರೆ. ಕೆಲವಲ್ಲಿ ಒಂದು ಕರೆಗೆ ಐದಾರು ಬಡಿತ, ಕೆಲವಲ್ಲಿ ಹತ್ತಾರು. ಬಡಿತಗಳ ನಡುವಿನ ಬಿಡುವು ಸೆಕೆಂಡಿನ ನೂರನೇ ಒಂದೆರಡು ಪಾಲಿನಿಂದ ಹಿಡಿದು ಅರ್ಧ ಸೆಕೆಂಡಿನ ಹತ್ತಿರದವರೆಗೂ ಇರಬಹುದು. ಕೆಲವು ಗಂಡುಗಳು ಒಂದೇ ಸಮ ಬಡಿಯುತ್ತವೆ. ಕೆಲವು ನಿಧಾನವಾಗಿ ಶುರು ಮಾಡಿ ಚುರುಕಾಗುತ್ತವೆ, ಅಥವಾ ಚುರುಕಾಗಿ ಶುರು ಮಾಡಿ ಸಾವಕಾಶವಾಗುತ್ತವೆ. ಇನ್ನು ಕೆಲವು ಎರಡು ಬಗೆಯ ಲಯವನ್ನು ಒಂದರ ಹಿಂದೆ ಒಂದು ಜೋಡಿಸುತ್ತವೆ. ಬಡಿತಗಳನ್ನು ಗುಂಪು ಗುಂಪಾಗಿ ಬಿಡುವ ಜಾತಿಗಳೂ ಇವೆ. ಒಂದೇ ಸಮನೆಯ ಸರಳ ಬಡಿತವೇ ಹಳೆಯದು, ಉಳಿದವು ಅದರಿಂದ ಕವಲೊಡೆದವು ಎನ್ನುವುದು ಈ ಕ್ಷೇತ್ರದವರ ಸಾಮಾನ್ಯ ತಿಳಿವಳಿಕೆ.

ಹೆಣ್ಣು ಇದನ್ನು ನಿಜವಾಗಿಯೂ ಲೆಕ್ಕ ಹಾಕುತ್ತದೆಯೇ, ಇಲ್ಲ ನಾವು ಅಂದುಕೊಂಡಿದ್ದೇ? ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಟೆಕ್ಸಾಸ್‌ನ ಡೆಂಟನ್‌ನಲ್ಲಿದ್ದ ಕೆನೆತ್ ಸ್ಟೀವರ್ಟ್ ಮತ್ತು ಅವರ ಜೊತೆಗಾರರು ದಶಕಗಟ್ಟಲೆ ಇದೇ ಕೆಲಸ ಮಾಡಿದರು. 1977ರಲ್ಲಿ ಝೀಗ್ಲರ್ ಮತ್ತು ಸ್ಟೀವರ್ಟ್ ಉತ್ತರ ಅಮೆರಿಕದ 11 ಜಾತಿಗಳ ಬಡಿತವನ್ನು ವಿವರಿಸಿದರು. ಅದಕ್ಕೂ ಮೊದಲು, 1968ರಲ್ಲಿ, ಜರ್ಮನಿಯ ರುಪ್ರೆಕ್ಟ್ ಯುರೋಪಿನ ಜಾತಿಗಳ ಮೇಲೆ ದೊಡ್ಡ ಅಧ್ಯಯನವನ್ನೇ ಪ್ರಕಟಿಸಿದ್ದರು. ಇನ್ನೂ ಹಿಂದೆ ಹೋದರೆ 1926ರಲ್ಲಿ ಕೆನಡಾದ ಮ್ಯಾಕ್‌ನಮಾರಾ ಈ ಬಡಿತದ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆದದ್ದು ಸಿಗುತ್ತದೆ. ಕಂಪ್ಯೂಟರ್ ಬಂದ ಮೇಲೆ ಸ್ಟೀವರ್ಟ್ ಗುಂಪು ಕೃತಕ ಬಡಿತಗಳನ್ನು ತಯಾರಿಸಿ ಹೆಣ್ಣುಗಳಿಗೆ ಕೇಳಿಸಿತು. ಬಡಿತಗಳ ಸಂಖ್ಯೆಯನ್ನು ಬದಲಿಸುವುದು, ಬಿಡುವನ್ನು ಹಿಗ್ಗಿಸುವುದು, ಕುಗ್ಗಿಸುವುದು, ಹೀಗೆ. ಬಿಡುವು ಜಾತಿಯ ಅಳತೆಯೊಳಗೆ ಇದ್ದರೆ ಹೆಣ್ಣು ಉತ್ತರಿಸುತ್ತದೆ. ಅಳತೆ ಮೀರಿದರೆ ಸುಮ್ಮನಾಗುತ್ತದೆ. ಬಡಿತಗಳ ಸಂಖ್ಯೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಅದು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಇಲ್ಲಿ ಇನ್ನೊಂದು ಮಾತು. ಇದನ್ನು ಯಾರೂ ಕಲಿಸುವುದಿಲ್ಲ. ಮರಿ ನೀರಿನಲ್ಲಿ ಬೆಳೆಯುತ್ತದೆ, ದೊಡ್ಡ ಹುಳುಗಳ ಬಡಿತ ಮೇಲೆ ದಡದಲ್ಲಿ ನಡೆಯುತ್ತದೆ. ಒಂಟಿಯಾಗಿ ಸಾಕಿದ ಗಂಡು ಕೂಡ ರೆಕ್ಕೆ ಬಂದ ಮೇಲೆ ತನ್ನ ಜಾತಿಯ ಲಯವನ್ನೇ ಬಡಿಯುತ್ತದೆ. ಒಂಟಿಯಾಗಿ ಸಾಕಿದ ಹೆಣ್ಣು ಅದನ್ನೇ ಗುರುತಿಸುತ್ತದೆ. ಎರಡೂ ಹುಟ್ಟಿನಿಂದ ಬಂದದ್ದು.

ಕಿವಿ ಎಲ್ಲಿದೆ ಎನ್ನುವ ವಿಷಯಕ್ಕೆ ಬಂದರೆ, ಅದು ಕಾಲಿನಲ್ಲಿದೆ. ಆರೂ ಕಾಲುಗಳಲ್ಲಿ, ಮೊಣಕಾಲಿನ ಕೀಲಿಗಿಂತ ತುಸು ಕೆಳಗೆ, ಚರ್ಮದ ಒಳಗೆ ಒಂದು ಪುಟ್ಟ ಸಂವೇದಕ ಅಂಗ ಇದೆ. ಕೀಟತಜ್ಞರು ಅದನ್ನು ಸಬ್‌ಜೆನ್ಯುಯಲ್ ಅಂಗ ಎನ್ನುತ್ತಾರೆ. ಕಾಲಿನೊಳಗಿನ ದ್ರವದಲ್ಲಿ ಅಡ್ಡಲಾಗಿ ಕಟ್ಟಿದಂತೆ ಇರುವ ಈ ಭಾಗ, ಕಾಲು ಅದುರಿದಾಗ ಅಲುಗಿ ನರಗಳಿಗೆ ಸುದ್ದಿ ಮುಟ್ಟಿಸುತ್ತದೆ. ಜಿರಳೆಯಲ್ಲಿ ಇದೇ ಅಂಗ ಒಂದು ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತ ಚಿಕ್ಕ ಅಲುಗಾಟವನ್ನೂ ಹಿಡಿಯುತ್ತದೆ. ನಾವು ಚಪ್ಪಲಿ ಎತ್ತುವ ಮೊದಲೇ ಅದು ಓಡುವುದರಲ್ಲಿ ಇದರದ್ದೂ ಪಾಲಿದೆ.

ಇನ್ನು ತೊರೆಯ ಗದ್ದಲ. ನಮಗೆ ಕೇಳುವ ಭೋರ್ಗರೆತ ಗಾಳಿಯಲ್ಲಿ ಬರುವ ಸದ್ದು. ಅದರಲ್ಲಿ ಕಡ್ಡಿಯೊಳಕ್ಕೆ ಇಳಿಯುವುದು ತೀರಾ ಸ್ವಲ್ಪ, ಯಾಕೆಂದರೆ ಗಾಳಿಯ ಅಲೆ ಗಟ್ಟಿ ವಸ್ತುವಿಗೆ ಬಡಿದಾಗ ಬಹುಪಾಲು ವಾಪಸ್ ಹೋಗುತ್ತದೆ. ಗಂಡು ಹೊಟ್ಟೆಯಿಂದ ನೇರವಾಗಿ ಕಡ್ಡಿಯನ್ನೇ ಕುಟ್ಟುವುದರಿಂದ ಅದರ ಶಕ್ತಿ ಬಹುಪಾಲು ಕಡ್ಡಿಗೇ ಹೋಗುತ್ತದೆ. ಹಾಗಾಗಿ ನಮ್ಮ ಕಿವಿಗೆ ಗದ್ದಲವಾದ ಜಾಗ ಅವುಗಳ ಕಾಲಿಗೆ ಅಷ್ಟು ಗದ್ದಲದ್ದಲ್ಲ. ಕಡ್ಡಿಯ ಲೋಕದ ನಿಜವಾದ ಗಲಾಟೆ ಎಂದರೆ ಬೀಸುಗಾಳಿ ಮತ್ತು ಮಳೆಹನಿ. ಗಿಡವೇ ಅಲ್ಲಾಡುವಾಗ ಸಣ್ಣ ಬಡಿತ ಮುಚ್ಚಿಹೋಗುತ್ತದೆ. ಅದಕ್ಕೆ ಪೊದೆಗಳಲ್ಲಿ ಬದುಕುವ ಕೆಲವು ಟ್ರೀಹಾಪರ್ ಹುಳುಗಳು ಗಾಳಿ ನಿಂತ ಗಳಿಗೆ ನೋಡಿ ಕರೆಯುತ್ತವೆ.

ಎಲ್ಲಿ ನಿಂತು ಬಡಿಯಬೇಕು ಎನ್ನುವುದೂ ಮುಖ್ಯ. ಹೆಸರಿನಲ್ಲಿ ಕಲ್ಲು ಇದ್ದರೂ ದೊಡ್ಡ ಬಂಡೆಯ ಮೇಲೆ ಬಡಿದರೆ ಉಪಯೋಗ ಕಡಿಮೆ. ಅಷ್ಟು ಭಾರದ ಕಲ್ಲನ್ನು ಈ ಹೊಟ್ಟೆ ಅಲುಗಿಸಲಾರದು. ಒಣ ಕಡ್ಡಿ, ಟೊಂಗೆ, ತೊಗಟೆ, ಎಲೆ, ಇವು ಹಗುರ, ಬಾಗುತ್ತವೆ, ಅದುರು ಚೆನ್ನಾಗಿ ಹರಿಯುತ್ತದೆ. ಸ್ಟೀವರ್ಟ್ ಅವರ ಊಹೆಯಂತೆ ನೀರಿನಿಂದ ಮೇಲೆ ಬಂದ ಹುಳುಗಳು ದಡದ ಇಂಥ ಕೆಲವು ಜಾಗಗಳಲ್ಲಿ ಒಟ್ಟುಗೂಡುತ್ತವೆ. ಹಾಗೆ ಸೇರಿದರೆ ಬಡಿತ ಬರೀ ಒಂದು ಪೊದೆಯೊಳಗೆ ಮುಟ್ಟಿದರೂ ಸಾಕು. ನನಗೆ ಇದು ಸರಿ ಅನಿಸುತ್ತದೆ. ಕಡ್ಡಿಯಿಂದ ಕಡ್ಡಿಗೆ ಸೇತುವೆ ಇಲ್ಲದ ಕಡೆ ಕಂಪನ ನಿಂತೇ ಹೋಗುತ್ತದೆ. ಇಡೀ ದಡದ ಉದ್ದಕ್ಕೂ ಕರೆ ಕಳಿಸುವ ವಿದ್ಯೆ ಇದಲ್ಲ.

ಈಗ ಜೋಡಿಯ ಮಾತುಕತೆ. ಗಂಡು ಓಡಾಡುತ್ತಾ, ಅಲ್ಲಲ್ಲಿ ನಿಂತು ಕರೆಯುತ್ತದೆ. ಉತ್ತರ ಬರದಿದ್ದರೆ ಇನ್ನೊಂದು ಕಡೆ ಹೋಗಿ ಮತ್ತೆ ಕರೆಯುತ್ತದೆ. ಇನ್ನೂ ಕೂಡದ ಹೆಣ್ಣಿಗೆ ಆ ಕರೆ ಮುಟ್ಟಿದರೆ ಅದು ಇದ್ದಲ್ಲೇ ನಿಂತು ಬಡಿಯುತ್ತದೆ. ಎಷ್ಟೋ ಜಾತಿಗಳಲ್ಲಿ ಗಂಡಿನ ಕರೆ ಮುಗಿದ ಕೂಡಲೇ ಹೆಣ್ಣಿನ ಉತ್ತರ. ಕೆಲವಲ್ಲಿ ಗಂಡು ಬಡಿಯುತ್ತಿರುವಾಗಲೇ ಹೆಣ್ಣು ನಡುನಡುವೆ ತನ್ನ ಬಡಿತ ಸೇರಿಸುತ್ತದೆ. ಇನ್ನೂ ಕೆಲವಲ್ಲಿ ಮೂರನೇ ಸುತ್ತೂ ಇದೆ: ಗಂಡಿನ ಕರೆ, ಹೆಣ್ಣಿನ ಉತ್ತರ, ಆ ಉತ್ತರಕ್ಕೆ ಗಂಡಿನ ಮರುಬಡಿತ.

ಉತ್ತರದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಸರಿಯಾದ ಸಮಯಕ್ಕೆ ಬಿದ್ದ ಸರಳ ಬಡಿತವೇ ಗಂಡಿಗೆ ಸಾಕು. ಹೆಣ್ಣಿನ ಉತ್ತರ ಯಾಕೆ ಅಷ್ಟು ಸಾದಾ ಎಂದು ಕೇಳಿದರೆ ನಾನು ಹೇಳುವುದು ಇದನ್ನೇ. ತಾನು ಯಾವ ಜಾತಿ ಎಂದು ಹೆಣ್ಣು ಮತ್ತೆ ಬಿಡಿಸಿ ಹೇಳಬೇಕಿಲ್ಲ. ಈ ಕರೆಗೆ, ಈ ಗಳಿಗೆಯಲ್ಲಿ ಉತ್ತರ ಬಂತು ಎಂದರೆ ಅದೇ ಗುರುತು.

ಒಮ್ಮೆ ಕೂಡಿದ ಹೆಣ್ಣು ಸಾಮಾನ್ಯವಾಗಿ ಆಮೇಲೆ ಉತ್ತರಿಸುವುದಿಲ್ಲ. ಈ ಒಂದು ಸಂಗತಿಯಿಂದ ಸಂಶೋಧಕರಿಗೆ ದೊಡ್ಡ ತಲೆನೋವು. ಹೊರಗೆ ಹಿಡಿದು ತಂದ ಹೆಣ್ಣು ಆಗಲೇ ಕೂಡಿರಬಹುದು, ಎಷ್ಟು ಕರೆದರೂ ಮಾತಾಡದು. ಅದಕ್ಕೆ ಅವರು ನೀರಿನಿಂದಲೇ ಮರಿಗಳನ್ನು ತರುತ್ತಾರೆ. ಬೆನ್ನಿನ ಮೇಲಿನ ರೆಕ್ಕೆಮೊಗ್ಗು ಕಪ್ಪಾಗಿದ್ದರೆ ಆ ಮರಿ ಬೇಗ ಪೊರೆ ಬಿಡುತ್ತದೆ ಎಂದು ಅರ್ಥ. ಅಂಥವನ್ನು ಒಂದೊಂದಾಗಿ ಬೇರೆ ಬೇರೆ ಇಟ್ಟು ಸಾಕುತ್ತಾರೆ.

ಗಂಡು ಹುಡುಕುವ ಬಗೆಯನ್ನು ಟೆರೊನಾರ್ಸೆಲ್ಲಾ ಬಾಡಿಯಾ ಎಂಬ ಹುಳುವಿನಲ್ಲಿ ಚೆನ್ನಾಗಿ ನೋಡಿದ್ದಾರೆ. ಇದೂ ಉತ್ತರ ಅಮೆರಿಕದ ಪಶ್ಚಿಮದ್ದೇ. ಉತ್ತರ ಬಾರದ ತನಕ ಗಂಡಿನ ಓಡಾಟಕ್ಕೆ ದಿಕ್ಕುದೆಸೆ ಇರುವುದಿಲ್ಲ. ಉತ್ತರ ಸಿಕ್ಕ ಮೇಲೆ ನಡಿಗೆಯೇ ಬದಲಾಗುತ್ತದೆ. ಸ್ವಲ್ಪ ದೂರ ನಡೆದು, ನಿಂತು, ಕರೆದು, ಉತ್ತರ ಪಡೆದು, ತಿರುಗಿ, ಮತ್ತೆ ನಡೆಯುತ್ತದೆ. ಬೇರೆ ಬೇರೆ ಜಾಗಗಳಿಂದ ಉತ್ತರ ಆಲಿಸಿ ಹೆಣ್ಣಿನ ಜಾಗಕ್ಕೆ ಗುರಿ ಹಿಡಿಯುವ ಕ್ರಮ ಇದು. ಬಡಿತದ ನೆರವು ಇಲ್ಲದೆ ಅಲೆಯುವ ಗಂಡಿಗಿಂತ ಇಂಥ ಗಂಡಿಗೆ ಜೋಡಿ ಬೇಗ ಸಿಗುತ್ತದೆ.

ದಿಕ್ಕು ಗೊತ್ತಾಗುವುದು ಹೇಗೆ ಎನ್ನುವುದು ಸೂಕ್ಷ್ಮ ವಿಷಯ. ಒಂದು ಸೆಂಟಿಮೀಟರ್ ದೂರವಿರುವ ಎರಡು ಕಾಲುಗಳಿಗೆ ಸೆಕೆಂಡಿಗೆ 50 ಮೀಟರ್ ವೇಗದ ಅಲೆ ಮುಟ್ಟುವಾಗ ವ್ಯತ್ಯಾಸ ಬರುವುದು ಸೆಕೆಂಡಿನ ಹತ್ತು ಸಾವಿರದ ಎರಡು ಪಾಲು ಮಾತ್ರ. ಇಷ್ಟು ಸಣ್ಣ ಅಂತರವನ್ನು ಕೀಟಗಳ ನರ ಹಿಡಿಯಬಲ್ಲದು. ಹಸಿರು ತಿಗಣೆ ನೆಜಾರಾ ವಿರಿಡುಲಾದಲ್ಲಿ ಇದನ್ನು ತೋರಿಸಿದ್ದಾರೆ. ಅದರ ಗಂಡು ಕಾಂಡ ಕವಲೊಡೆಯುವ ಜಾಗದಲ್ಲಿ ನಿಂತು, ಒಂದು ಕವಲಿಗೆ ಒಂದು ಕಾಲು, ಇನ್ನೊಂದಕ್ಕೆ ಇನ್ನೊಂದು ಕಾಲು ಊರಿ, ಹೆಣ್ಣಿನ ಕಂಪನ ಯಾವ ಕಡೆಯಿಂದ ಮೊದಲು ಬಂತು ಎಂದು ನೋಡಿ ದಾರಿ ಆರಿಸುತ್ತದೆ. ಗಿಡದ ಮೇಲೆ ಹುಡುಕುವವರಿಗೆ ಕವಲೇ ತೀರ್ಮಾನದ ಜಾಗ. ನಡುವಿನ ಕಾಂಡದಲ್ಲಿ ಇರುವುದು ಮೇಲೆ, ಕೆಳಗೆ ಎರಡೇ ದಿಕ್ಕು.

ಹೆಣ್ಣು ಯಾಕೆ ಕದಲುವುದಿಲ್ಲ? ಇಬ್ಬರೂ ಅಲೆದರೆ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುವುದೇ ಜಾಸ್ತಿ ಎನ್ನುವುದು ಒಂದು. ಇನ್ನೊಂದು, ಮೊಟ್ಟೆ ತುಂಬಿದ ಹೆಣ್ಣು ಓಡಾಡಿದರೆ ಕಳೆದುಕೊಳ್ಳುವುದೂ ಜಾಸ್ತಿ. ಓಡಾಟದ ಅಪಾಯವನ್ನು ಗಂಡು ಹೊರುತ್ತದೆ, ಹೆಣ್ಣು ಕರೆ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಬಾಯಿ ಅಲ್ಲ, ಹೊಟ್ಟೆ ಅನ್ನಿ.

ಅಪಾಯ ಎಂದೆ. ಕಂಪನದ ಮಾತು ಗುಟ್ಟಿನ ಮಾತು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಅರ್ಧ ನಿಜ. ಹಕ್ಕಿಗಳಿಗೆ ಕೇಳದಿರಬಹುದು, ಜೇಡಕ್ಕೆ ಚೆನ್ನಾಗಿಯೇ ಕೇಳುತ್ತದೆ. ಕಂಪನ ಹಿಡಿಯುವುದೇ ಅದರ ಕಸುಬು. ಎನೊಪ್ಲೊಗ್ನಾಥಾ ಒವಾಟಾ ಎಂಬ ಜೇಡ, ಗಿಡದ ರಸ ಹೀರುವ ಜಿಗಿಹುಳುಗಳ ಗಂಡಿನ ಕರೆಯನ್ನೇ ಹಿಡಿದು ಬೇಟೆಯಾಡುತ್ತದೆ ಎಂದು 2011ರಲ್ಲಿ ಸ್ಲೊವೇನಿಯಾದ ವಿರಾಂಟ್-ಡೊಬರ್ಲೆಟ್ ಮತ್ತು ಜೊತೆಗಾರರು ತೋರಿಸಿದರು. ಅದೇ ಜಿಗಿಹುಳುಗಳ ವಿಷಯದಲ್ಲಿ ಮನುಷ್ಯರೂ ಹಿಂದೆ ಬಿದ್ದಿಲ್ಲ. ಇಟಲಿಯ ದ್ರಾಕ್ಷಿ ತೋಟಗಳಲ್ಲಿ ರೋಗ ಹರಡುವ ಒಂದು ಜಿಗಿಹುಳುವಿನ ಜೋಡಿ ಕೂಡದಂತೆ ತಂತಿಗಳ ಮೂಲಕ ಅಡ್ಡಕಂಪನ ಹರಿಸಿ ನೋಡಿದ್ದಾರೆ. ಫಲವೂ ಸಿಕ್ಕಿದೆ. ಸ್ಟೋನ್‌ಫ್ಲೈ ಯಾರಿಗೂ ತೊಂದರೆ ಕೊಡುವ ಹುಳುವಲ್ಲ, ಹಾಗಾಗಿ ಅದರ ಮಾತಿಗೆ ಅಡ್ಡ ಬರುವ ಕಾರಣ ನಮಗಿಲ್ಲ.

ಒಂದೇ ಜಾತಿಯಲ್ಲಿ ಊರಿಗೊಂದು ನುಡಿ ಇರುವುದೂ ಉಂಟು. ಮೇಲೆ ಹೇಳಿದ ಟೆರೊನಾರ್ಸೆಲ್ಲಾ ಬಾಡಿಯಾವನ್ನು ಕೊಲರಾಡೊ ಮತ್ತು ಅಲಾಸ್ಕಾ ಎರಡೂ ಕಡೆಯಿಂದ ತಂದು ಕೇಳಿದಾಗ ಬಡಿತದಲ್ಲಿ ಫರಕು ಕಂಡಿತು. 1982ರಲ್ಲಿ ಸ್ಟೀವರ್ಟ್ ಮತ್ತು ಇಬ್ಬರು ಜೊತೆಗಾರರು ಇದನ್ನು ಪ್ರಕಟಿಸಿದರು. ದೂರ ದೂರ ಬೇರ್ಪಟ್ಟ ಗುಂಪುಗಳಲ್ಲಿ ಲಯ ಹೀಗೆ ಮೆಲ್ಲಗೆ ಜಾರುತ್ತಾ ಹೋಗಿ, ಒಂದು ಕಡೆಯ ಹೆಣ್ಣು ಇನ್ನೊಂದು ಕಡೆಯ ಗಂಡಿಗೆ ಉತ್ತರಿಸುವುದನ್ನೇ ನಿಲ್ಲಿಸಿದರೆ, ಹೊಸ ಜಾತಿ ಹುಟ್ಟುವ ದಾರಿ ಅಲ್ಲಿ ತೆರೆದಂತೆ. ವರ್ಗೀಕರಣ ಮಾಡುವವರಿಗೆ ಇದು ಒಳ್ಳೆಯ ಸಾಧನವೂ ಹೌದು. ಐಸೊಪರ್ಲಾ ಕುಲದ ಹುಳುಗಳು ನೋಡಲು ಒಂದೇ ಥರ. ಭೂತಗನ್ನಡಿ ಹಿಡಿದರೂ ಗೊಂದಲ ಹೋಗದು. ಬಡಿತ ಕೇಳಿದರೆ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಹುಳುವನ್ನು ಪಿನ್ನಿಗೆ ಚುಚ್ಚುವ ಮೊದಲು ಒಂದು ಸಲ ಬಡಿಯಲು ಬಿಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದೇ ಕಾರಣಕ್ಕೆ.

ಬಡಿತದ ಬಗ್ಗೆ ನಮಗಿರುವ ತಿಳಿವು ಬಹುಪಾಲು ಉತ್ತರ ಗೋಳಾರ್ಧದ ಗುಂಪಿನಿಂದ ಬಂದದ್ದು ಎನ್ನುವುದನ್ನೂ ನೆನಪಿಡಿ. ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಸ್ಟೋನ್‌ಫ್ಲೈಗಳ ಹಳೆಯ ವಂಶ ಬೇರೆಯೇ ಇದೆ. ಇಲ್ಲಿ ಹೇಳಿದ್ದು ಆ ವಂಶಕ್ಕೂ ಒಪ್ಪುತ್ತದೆ ಎನ್ನಲಾಗದು. ಹಾಗಾಗಿ ಎಲ್ಲ ಸ್ಟೋನ್‌ಫ್ಲೈಗಳೂ ಬಡಿಯುತ್ತವೆ ಎಂದು ಬರೆದದ್ದನ್ನು ನೋಡಿದರೆ ನಂಬಬೇಡಿ.

ಕೊನೆಗೆ, ನಮಗೆ ಕೇಳುತ್ತದೆಯೇ? ಹೊರಗೆ, ಕಡ್ಡಿಯ ಮೇಲೆ ಬಡಿದದ್ದು ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ಹುಳುವನ್ನು ತೆಳು ಕಾಗದದ ತಳವಿರುವ ಡಬ್ಬಿಯಲ್ಲಿ ಇಟ್ಟರೆ ಕೇಳಬಹುದು. ಬಿಗಿಯಾದ ಕಾಗದ ಅದುರಿ, ಗಾಳಿಯನ್ನೂ ಅಲುಗಿಸುತ್ತದೆ. ಸಣ್ಣಗೆ ಟಿಕ್ ಟಿಕ್ ಎನ್ನುವ ಸದ್ದು ಬರುತ್ತದೆ. ಪ್ರಯೋಗಾಲಯಗಳಲ್ಲೂ ಬಹಳ ವರ್ಷ ಇದೇ ಉಪಾಯ ನಡೆದಿದೆ. ಗಂಡು ಹೆಣ್ಣನ್ನು ಒಂದನ್ನೊಂದು ನೋಡದಂತೆ ಅಕ್ಕಪಕ್ಕದ ಡಬ್ಬಿಗಳಲ್ಲಿ ಇಟ್ಟು, ಕೆಳಗೆ ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಿದ್ದರು. ಈಗ ಲೇಸರ್ ವೈಬ್ರೋಮೀಟರ್ ಬಂದಿದೆ. ಅದು ಬೆಳಕಿನ ಕಿರಣ ಬಿಟ್ಟು, ಮುಟ್ಟದೆಯೇ ಎಲೆಯ ಅದುರನ್ನು ಅಳೆಯುತ್ತದೆ.

ನೀವೇ ಮಾಡಿ ನೋಡುವುದಾದರೆ ಲೇಸರ್ ಬೇಡ. ಗಿಟಾರಿಗೆ ಅಂಟಿಸುವ ಪಿಯೆಜೊ ಪಿಕಪ್ ಸಾಕು. ಅದನ್ನು ಡಬ್ಬಿಯ ಕಾಗದದ ತಳಕ್ಕೆ ಹೊರಗಿನಿಂದ ಮೆಲ್ಲಗೆ ಅಂಟಿಸಿ, ರೆಕಾರ್ಡರ್‌ಗೆ ಜೋಡಿಸಿ. ಜಾಸ್ತಿ ಭಾರ ಹಾಕಿದರೆ ಕಾಗದ ಅದುರುವುದೇ ನಿಲ್ಲುತ್ತದೆ. ಮೇಜಿನ ಕಂಪನ ಸೇರದಂತೆ ಡಬ್ಬಿಯ ಕೆಳಗೆ ದಪ್ಪ ಸ್ಪಂಜು ಇಡಿ. ಫ್ಯಾನ್ ಆರಿಸಿ. ಡಬ್ಬಿಯಲ್ಲಿ ಒದ್ದೆ ಹತ್ತಿಯ ತುಂಡು ಇರಲಿ, ಈ ಹುಳುಗಳು ಒಣಗಿದರೆ ಬೇಗ ಸಾಯುತ್ತವೆ. ಗಂಡು ಒಂಟಿಯಾಗಿದ್ದರೂ ಬಡಿಯುತ್ತದೆ, ಆದರೆ ಪಕ್ಕದ ಡಬ್ಬಿಯಲ್ಲಿ ಹೆಣ್ಣಿದ್ದರೆ ಜಾಸ್ತಿ. ಎರಡು ಡಬ್ಬಿಗಳೂ ಒಂದಕ್ಕೊಂದು ತಾಗಿಕೊಂಡಿರಬೇಕು, ಇಲ್ಲದಿದ್ದರೆ ಸುದ್ದಿ ದಾಟುವುದಿಲ್ಲ.

ರೆಕಾರ್ಡ್ ಮಾಡುವಾಗ ಆ ಹೊತ್ತಿನ ಉಷ್ಣತೆಯನ್ನು ತಪ್ಪದೆ ಬರೆದಿಡಿ. ಕೀಟಗಳ ಮೈ ಬಿಸಿ ಹೊರಗಿನ ಬಿಸಿಯನ್ನೇ ಅನುಸರಿಸುತ್ತದೆ. ಬೆಚ್ಚಗಾದಂತೆ ಸ್ನಾಯುಗಳು ಚುರುಕಾಗಿ, ಬಡಿತಗಳ ನಡುವಿನ ಬಿಡುವು ಕುಗ್ಗುತ್ತದೆ. ತಣ್ಣಗಿರುವ ಮುಂಜಾನೆ ಕೇಳಿದ ಕರೆಯನ್ನೂ ಬಿಸಿಲೇರಿದ ಮೇಲೆ ಕೇಳಿದ ಕರೆಯನ್ನೂ ಸುಮ್ನೆ ಹೋಲಿಸಿದರೆ, ಒಂದೇ ಹುಳುವನ್ನು ಎರಡು ಜಾತಿ ಎಂದು ಬರೆದುಕೊಂಡುಬಿಡುತ್ತೀರಿ.